ನಿನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದೇ ನಿಜ

ಪ್ರೀತಿಯ ಮಗಳೇ,

ನಾಳೆ ಬೆಳಗಾದರೆ ನೀನು ಕಾರು ತೆಗೆದುಕೊಂಡು ಹೊರಡುತ್ತೀಯೆ. ಎದುರು ನಿಂತು ಹೇಳಲು ಹೋದರೆ ಮಾತು ಮತ್ತೆ ಅಂದಿನ ದಾರಿಯನ್ನೇ ಹಿಡಿದೀತು ಎಂಬ ಅಳುಕಿನಿಂದ ಬರೆಯುತ್ತಿದ್ದೇನೆ. ಅಂದು ನಾನು ಆಡಿದ್ದು ಇಬ್ಬರಿಗೂ ನೆನಪಿದೆ, ಅದು ಇಲ್ಲಿ ಬೇಡ. ಓಡುತ್ತಿದ್ದಾಗಲೇ ನಾಲ್ಕು ಸಲ ಎಂಜಿನ್ ನಿಂತುಹೋಯಿತಲ್ಲ, ದೋಷವಿದ್ದದ್ದು ನಿನ್ನ ಚಾಲನೆಯಲ್ಲಲ್ಲ, ಕಾರಿನಲ್ಲಿ. ಮೊನ್ನೆ ಸಂಜೆ ಅದನ್ನು ಕಣ್ಣಾರೆ ಕಂಡೆ.

ನನ್ನ ಕೈಯಲ್ಲಿ ಈ ಕಾರು ಒಮ್ಮೆಯೂ ನಿಲ್ಲಲಿಲ್ಲ ಎಂಬುದನ್ನೇ ಸಾಕ್ಷಿ ಮಾಡಿಕೊಂಡು ಕೂತಿದ್ದೆ. ನಾನು ಓಡಿಸುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಎಂಜಿನ್ ಪೂರ್ತಿ ಕಾಯುವುದೂ ಇಲ್ಲ. ನೀನು ಎರಡೆರಡು ಗಂಟೆ ಓಡಿಸಿ, ಪೆಟ್ರೋಲ್ ಹಾಕಿಸಲು ನಿಲ್ಲಿಸಿ, ಮತ್ತೆ ಹೊರಟಾಗ ಅದು ಕೈಕೊಡುತ್ತಿತ್ತು. ಓಡುವಾಗ ಗಾಳಿ ಆಡುತ್ತದೆ, ನಿಂತಾಗ ಬಾನೆಟ್ಟಿನೊಳಗಿನ ಬಿಸಿ ಇನ್ನೂ ಏರುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ. ತಿಳಿದೂ ನಿನ್ನ ಮಾತನ್ನು ನಂಬಲಿಲ್ಲ. ಕಿಡಿ ಹುಟ್ಟಿಸಿ ಹಂಚುವ ಭಾಗಗಳನ್ನು, ಕಾಯಿಲ್, ಡಿಸ್ಟ್ರಿಬ್ಯೂಟರ್ ಮುಚ್ಚಳ, ರೋಟರ್, ಆರು ಸ್ಪಾರ್ಕ್ ಪ್ಲಗ್ಗುಗಳು ಎಂದು ಒಂದೊಂದನ್ನೇ ಊಹೆಯ ಮೇಲೆ ಬದಲಾಯಿಸಿ, ಪ್ರತಿಸಲವೂ ಸರಿಹೋಯಿತೆಂದು ನಿನ್ನನ್ನು ರಸ್ತೆಗೆ ಕಳಿಸಿದೆ. ಕ್ಷಮಿಸು.

ನಿನ್ನ ನೋಟ್‌ಬುಕ್ಕನ್ನು ನಾನು ಮೊದಲೇ ಓದಬೇಕಿತ್ತು. ನಾಲ್ಕು ಸಲವೂ ಕಾರು ಎಷ್ಟು ಹೊತ್ತು ಓಡಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಬರೆದಿಟ್ಟಿದ್ದೀಯೆ. ಮೂರನೆಯ ಸಲದ ಪಕ್ಕದಲ್ಲಿ ಒಂದು ಸಾಲಿದೆ: ‘ಕಾರು ಗೇರಿನಲ್ಲೇ ಉರುಳುತ್ತಿತ್ತು, ಕ್ಲಚ್ ಒತ್ತಿರಲಿಲ್ಲ, ಆದರೂ ಆರ್‌ಪಿಎಂ ಮುಳ್ಳು ತಟ್ಟನೆ ಸೊನ್ನೆಗೆ ಬಿತ್ತು.’ ಅದನ್ನು ಓದಿ ನಾನು ಎದ್ದು ನಿಂತೆ. ಪೆಟ್ರೋಲ್ ಸಿಗದೆ ಎಂಜಿನ್ ಸೋತಿದ್ದರೆ, ಚಕ್ರಗಳೇ ಅದನ್ನು ತಿರುಗಿಸುತ್ತಿರುವಷ್ಟು ಹೊತ್ತು ಎಂಜಿನ್ ತಿರುಗುವ ವೇಗ ತೋರಿಸುವ ಆ ಮುಳ್ಳು ಮೇಲೆಯೇ ಇರಬೇಕಿತ್ತು. ತಟ್ಟನೆ ಬಿದ್ದಿದೆಯೆಂದರೆ ಕಾಯಿಲ್‌ಗೆ ಬರಬೇಕಾದ ಸಂಕೇತವೇ ಕಡಿದುಹೋಗಿದೆ. ಇಷ್ಟು ವರ್ಷ ಬಾನೆಟ್ ತೆರೆದ ನನಗೆ ಕಾಣದ್ದನ್ನು ನೀನು ಗಾಬರಿಯ ನಡುವೆ ಗಮನಿಸಿ ಬರೆದಿಟ್ಟೆ. ನನಗಾದ ಹೆಮ್ಮೆಯನ್ನು ಹೇಳಲು ಬರುತ್ತಿಲ್ಲ.

ಎಂಜಿನ್ ತಿರುಗುವುದನ್ನು ಗುರುತಿಸಿ ಆ ಸಂಕೇತ ಹುಟ್ಟಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಚ್ಚಿದೆ. ತಣ್ಣಗಿದ್ದಾಗ ಅದರ ವಿದ್ಯುತ್ ನಿರೋಧ 880 ಓಮ್, ಯಾವ ಕೊರತೆಯೂ ಇಲ್ಲ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದೆ. ಅಂಕೆ ನಿಧಾನವಾಗಿ ಏರಿತು, ಒಮ್ಮೆ ಅದುರಿತು, ಆಮೇಲೆ ಪರದೆಯ ಮೇಲೆ ತಂತಿ ತುಂಡಾಗಿದೆ ಎನ್ನುವ ಗುರುತು ಮಾತ್ರ ಉಳಿಯಿತು. ಆರಲು ಬಿಟ್ಟೆ, ಮತ್ತೆ ಹೆಚ್ಚುಕಡಿಮೆ ಅದೇ 880. ಮೂರು ಸಲ ಮಾಡಿ ನೋಡಿದೆ. ಒಳಗಿರುವುದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಕಾಯಿಲ್‌ನ ವಿದ್ಯುತ್ತನ್ನು ಯಾವ ಗಳಿಗೆಯಲ್ಲಿ ಕಡಿಯಬೇಕೆಂದು ತಿಳಿಸುವುದು ಅದೇ. ಹಾಗೆ ಕಡಿದಾಗಲೇ 12 ವೋಲ್ಟಿನ ಬ್ಯಾಟರಿಯಿಂದ ಪ್ಲಗ್ಗಿನ ತುದಿಗೆ ಇಪ್ಪತ್ತು ಸಾವಿರ ವೋಲ್ಟನ್ನೂ ಮೀರಿದ ಕಿಡಿ ಹುಟ್ಟುವುದು. ಬಿಸಿಗೆ ಆ ಎಳೆ ಎಲ್ಲೋ ಬಿಟ್ಟುಕೊಂಡು, ಆರಿದ ಮೇಲೆ ಕೂಡಿಕೊಳ್ಳುತ್ತಿತ್ತು. ಈಗ ಹೊಸ ಸೆನ್ಸರ್ ಹಾಕಿದ್ದೇನೆ. ಅದರ ತಂತಿಯನ್ನು ಎಗ್ಸಾಸ್ಟ್‌ನಿಂದ ದೂರ ಸರಿಸಿ ಕಟ್ಟಿದ್ದೇನೆ.

ಆದರೂ ನಾಲ್ಕನೆಯ ಸಲದ ಬಗ್ಗೆ ನೀನು ಬರೆದ ಎರಡು ಪದ ನನ್ನನ್ನು ಬಿಡುತ್ತಿಲ್ಲ: ‘ಲಾರಿ ಹಿಂದಿಕ್ಕುವಾಗ.’ ಅಷ್ಟೇ ಬರೆದಿದ್ದೀಯೆ. ಎಡಕ್ಕೆ ಲಾರಿ ಇನ್ನೂ ಇತ್ತೇ, ಎದುರಿನಿಂದ ಯಾವುದಾದರೂ ವಾಹನ ಬರುತ್ತಿತ್ತೇ, ಹಿಂದಿನವರು ಹಾರ್ನ್ ಮಾಡಿದರೇ? ಸ್ಟೀರಿಂಗ್ ಕಲ್ಲಿನಂತಾದಾಗ ನಿನ್ನ ಕೈ ಅದನ್ನು ಹೇಗೆ ಎಳೆಯಿತು? ರಾತ್ರಿ ಮಲಗಿದರೆ ಆ ಲಾರಿಯ ಚಕ್ರಗಳು ನಿನ್ನ ಕಿಟಕಿಯ ಪಕ್ಕದಲ್ಲೇ ತಿರುಗುತ್ತವೆ. ನಾನು ಸರಿಹೋಯಿತೆಂದು ಹೇಳಿ ಮೂರನೆಯ ದಿನ ಆದದ್ದು ಅದು. ನೀನು ಮನೆಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟೆ, ನಾನು ಪೆಟ್ರೋಲ್ ಎಷ್ಟಿತ್ತು ಎಂದು ಕೇಳಿದೆ. ಮತ್ತೆ ಆ ಲಾರಿಯೇ ಕಣ್ಣಿಗೆ ಬರುತ್ತದೆ.

ಆದ್ದರಿಂದ ಬೇಡವೆಂದರೂ ಹೇಳುತ್ತೇನೆ. ಓಡುವಾಗ ಎಂಜಿನ್ ನಿಂತರೆ ಬ್ರೇಕನ್ನು ಮತ್ತೆ ಮತ್ತೆ ತುಳಿಯಬೇಡ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಒಂದೆರಡು ಸಲಕ್ಕಾಗುವಷ್ಟು ಮಾತ್ರ ಉಳಿದಿರುತ್ತದೆ, ಒಮ್ಮೆ ತುಳಿದು ಹಿಡಿ. ಕಾರು ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಹೊರಗೆಳೆಯಬೇಡ, ಸ್ಟೀರಿಂಗ್ ಬೀಗ ಬಿದ್ದೀತು. ನಾಲ್ಕೂ ದೀಪ ಮಿನುಗಿಸಿ ಪಕ್ಕಕ್ಕೆ ಬಾ. ಯಾವ ಮೆಕ್ಯಾನಿಕ್ ಹೇಳಿದರೂ ಪ್ಲಗ್ಗಿನ ತಂತಿ ಕಿತ್ತು ಕೈಯಲ್ಲಿ ಹಿಡಿದು ಕಿಡಿ ನೋಡಲು ಬಿಡಬೇಡ. ಅದು ಮೈಗೂ ಅಪಾಯ, ಕಿಡಿಯನ್ನು ನಿಯಂತ್ರಿಸುವ ಇಗ್ನಿಷನ್ ಮಾಡ್ಯೂಲ್ ಕೂಡ ಸುಟ್ಟೀತು. ಕಿಡಿ ಪರೀಕ್ಷಿಸುವ ಉಪಕರಣವನ್ನು ಡಿಕ್ಕಿಯಲ್ಲಿಟ್ಟಿದ್ದೇನೆ.

ನಿನ್ನೆ ನಾನೊಬ್ಬಳೇ ಎರಡೂವರೆ ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಒಂದು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಇಂಥ ದೋಷ ಹೋಯಿತೆನ್ನಲು ಒಂದು ದಿನ ಸಾಲದು, ಹಾಗಾಗಿ ಈ ಸಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ನಾಳೆ ಪೆಟ್ರೋಲ್ ಹಾಕಿಸಿ ಹೊರಟ ಮೇಲೆ ಅರ್ಧ ಗಂಟೆ ಎಡಗಡೆಯ ಸಾಲಿನಲ್ಲೇ ಹೋಗು, ಯಾವ ಲಾರಿಯನ್ನೂ ಹಿಂದಿಕ್ಕಬೇಡ. ಆಮೇಲೆ ಎಲ್ಲಾದರೂ ನಿಲ್ಲಿಸಿ ಫೋನ್ ಮಾಡು. ಈ ಸಲ ಮೊದಲು ನೀನು ಹೇಳು, ನಾನು ಕೇಳುತ್ತೇನೆ.

ಇಂತಿ,
ನಿನ್ನ ಅಮ್ಮ