ಅಂಚೆ ಸ್ಟಾಂಪ್ ಹಾಳೆ ಕೊಳ್ಳೋ ಮುಂಚೆ ಇದನ್ನ ಓದು, ಪುಟ್ಟಿ

ಚಿಕ್ಕಬಳ್ಳಾಪುರ,
ಭಾನುವಾರ

ಪ್ರೀತಿಯ ಪುಟ್ಟಿ,

ಬೋನಸ್ ದುಡ್ಡೆಲ್ಲ ಹಾಕಿ ಹೊಸ ಅಂಚೆ ಸ್ಟಾಂಪ್ ಹಾಳೆ ಕೊಂಡಿಡ್ತೀನಿ, ಐದು ವರ್ಷಕ್ಕೆ ಮೂರು ಪಟ್ಟಾಗುತ್ತೆ ಅಂತ ನಿಮ್ಮಪ್ಪನ ಹತ್ತಿರ ಹೇಳಿದ್ದೀಯಂತೆ. ಅಂಚೆ ಕಚೇರಿ ಕೌಂಟರ್‌ನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು, ಇದನ್ನ ಕೇಳಿ ಸುಮ್ನೆ ಇರೋಕೆ ಆಗಲಿಲ್ಲ. ಬೇಡ ಕಣೆ.

ಅಮೆರಿಕದ ದೊಡ್ಡ ಹೂಡಿಕೆದಾರ ಬಿಲ್ ಗ್ರಾಸ್ ಅವರ ಸುದ್ದಿ ನೀನೇ ನನಗೆ ಕಳಿಸಿದ್ದೆ. 2024ರಲ್ಲಿ ಅವರ ಒಂದೇ ಒಂದು ಸ್ಟಾಂಪ್ ಸುಮಾರು 44 ಲಕ್ಷ ಡಾಲರ್‌ಗೆ ಹರಾಜಾಯಿತು. ಆಸೆ ಹುಟ್ಟಿದ್ದು ಅಲ್ಲೇ, ಅಲ್ವಾ? ಆದರೆ ಅವರ ಕಥೆ ಶುರುವಾಗೋದು ನಷ್ಟದಿಂದ. ಮಗನ ಕಾಲೇಜು ಖರ್ಚಿಗಾಗುತ್ತೆ ಅಂತ ಅವರ ತಾಯಿ ಅಂಚೆ ಕಚೇರಿಯಿಂದ ಹಾಳೆಗಟ್ಟಲೆ ಹೊಸ ಸ್ಟಾಂಪ್ ಕೊಂಡು ಜೋಪಾನ ಮಾಡಿದ್ದರು. ಮಾರೋಕೆ ಹೋದಾಗ ಅದರ ಮೇಲೆ ಅಚ್ಚಾಗಿದ್ದ ಬೆಲೆಯೂ ಹುಟ್ಟಲಿಲ್ಲ. ಯಾಕೆ ಹುಟ್ಟುತ್ತೆ ಹೇಳು, ಅವರ ಥರಾನೇ ಊರೆಲ್ಲ ಕೊಂಡಿಟ್ಟಿತ್ತು. ನೀನು ಈಗ ಮಾಡ ಹೊರಟಿರೋದು ಆ ತಾಯಿ ಮಾಡಿದ್ದನ್ನೇ.

ನನ್ನ ಕೌಂಟರ್‌ಗೂ ಅಂಥವರು ಬರ್ತಿದ್ದರು. ಬಿಡುಗಡೆ ದಿನ ಹತ್ತು ಹಾಳೆ ಒಯ್ಯೋದು, ಏಳೆಂಟು ವರ್ಷ ಬಿಟ್ಟು ಮಳೆಗಾಲದ ತೇವಕ್ಕೆ ಹಿಂದಿನ ಅಂಟು ಕರಗಿ ಒಂದಕ್ಕೊಂದು ಕಚ್ಚಿಕೊಂಡ ಕಟ್ಟು ತಂದು, ವಾಪಸ್ ತಗೋತೀರಾ ಮೇಡಂ ಅನ್ನೋದು. ಇಲಾಖೆ ವಾಪಸ್ ತಗೊಳ್ಳಲ್ಲ. ಕಾಗದಕ್ಕೆ ಅಂಟಿಸಿ ಖರ್ಚು ಮಾಡಿ ಅಂತ ಹೇಳೋವಾಗ ಅವರ ಮುಖ ನೋಡೋಕೆ ಆಗ್ತಿರಲಿಲ್ಲ.

ಗ್ರಾಸ್ ದುಡ್ಡು ಮಾಡಿದ್ದು ಸ್ಟಾಂಪಿನಿಂದಲ್ಲ, ಬಾಂಡ್‌ಗಳಿಂದ, ಅಂದರೆ ಬಡ್ಡಿ ಕೊಡೋ ಸಾಲಪತ್ರಗಳಿಂದ. 1971ರಲ್ಲಿ ಜೊತೆಗಾರರ ಸಂಗಡ ಪಿಮ್ಕೊ ಅನ್ನೋ ಹೂಡಿಕೆ ಕಂಪನಿ ಕಟ್ಟಿ ನಲವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ದುಡಿದರು. ಆಮೇಲೆ ಸ್ಟಾಂಪಿಗೆ ಕೈ ಹಾಕಿದಾಗ ಅವರು ಹುಡುಕಿದ್ದು ಅಪರೂಪದ್ದನ್ನ. 44 ಲಕ್ಷ ಡಾಲರ್‌ಗೆ ಹೋಯ್ತಲ್ಲ, ಝಡ್ ಗ್ರಿಲ್ ಅನ್ನೋ ಆ ಸ್ಟಾಂಪನ್ನೇ ತಗೋ. 1868ರದ್ದು, ಬರೀ ಒಂದು ಸೆಂಟಿನದು. ಮುದ್ರೆ ತೊಳೆದು ಸ್ಟಾಂಪನ್ನ ಮತ್ತೆ ಬಳಸಬಾರದು ಅಂತ ಕಾಗದದ ಮೇಲೆ ಸಣ್ಣ ಸಣ್ಣ ಚೌಕದ ಗುರುತು ಒತ್ತುತ್ತಿದ್ದರು, ಶಾಯಿ ಒಳಗೆ ಇಳಿಯಲಿ ಅಂತ. ಆ ಗುರುತಿರುವ ಒಂದು ಸೆಂಟಿನದು ಗೊತ್ತಿರೋದು ಎರಡೇ. ಒಂದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯದು. ಇನ್ನೊಂದಕ್ಕಾಗಿ 2005ರಲ್ಲಿ ಅವರು ವಿಮಾನ ತಲೆಕೆಳಗಾಗಿ ಅಚ್ಚಾದ ನಾಲ್ಕು ಸ್ಟಾಂಪಿನ ಕಟ್ಟನ್ನೇ ಕೊಟ್ಟುಬಿಟ್ಟರು. ಅದಕ್ಕೆ ಸುಮಾರು 30 ಲಕ್ಷ ಡಾಲರ್ ಬಿದ್ದಿತ್ತು!

ಅವರಲ್ಲಿ ನನಗೆ ಹಿಡಿಸಿದ್ದು ಮುಂದಿನದು. 2007ರಲ್ಲಿ ಬ್ರಿಟನ್ ಸ್ಟಾಂಪ್‌ಗಳನ್ನ ಮಾರಿ ಬಂದ 91 ಲಕ್ಷ ಡಾಲರನ್ನ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನೋ ವೈದ್ಯರ ಸೇವಾ ಸಂಸ್ಥೆಗೆ ಕೊಟ್ಟರು. ವಾಷಿಂಗ್ಟನ್ನಿನ ಅಂಚೆ ಮ್ಯೂಸಿಯಂಗೆ ದೊಡ್ಡ ಮೊತ್ತ ಕೊಟ್ಟಿದ್ದರಿಂದ 2013ರಲ್ಲಿ ಅಲ್ಲಿ ಅವರ ಹೆಸರಿನ ಗ್ಯಾಲರಿ ತೆರೀತು. ಪಕ್ಕದ ಮನೆಯವರ ಜೊತೆ ಕೋರ್ಟಿಗೆ ಹೋಗೋ ಮಟ್ಟಕ್ಕೆ ಜಗಳವಾಡಿದ ಮನುಷ್ಯ ಕೂಡ ಅವರೇ. ಅದನ್ನ ಕಲಿಯೋದು ಬೇಡ. ಕೈಬಿಚ್ಚಿ ಕೊಡೋದನ್ನ ಕಲಿ, ನಿನ್ನ ಸಂಬಳದಲ್ಲಿ ಸಾವಿರವೇ ಆಗಲಿ, ಈಗಿಂದಲೇ.

ತಾತನ ಆಲ್ಬಂನಲ್ಲಿ ವಿಶ್ವೇಶ್ವರಯ್ಯನವರ ಸ್ಟಾಂಪ್ ಇದೆ, ನೆನಪಿದೆಯಾ? 1960ರದ್ದು, 15 ನಯಾ ಪೈಸೆ. ಅವರಿಗೆ ನೂರು ತುಂಬಿದಾಗ, ಬದುಕಿರುವಾಗಲೇ ಬಂದದ್ದು. ನಮ್ಮ ಮುದ್ದೇನಹಳ್ಳಿಯವರು ಅಂತ ತಾತನಿಗೆ ಎಷ್ಟು ಹೆಮ್ಮೆ! ಬಂದ ಕಾಗದದಿಂದ ಕತ್ತರಿಸಿ, ತಟ್ಟೆ ನೀರಲ್ಲಿ ನೆನೆಹಾಕಿ, ತಾನಾಗೇ ಬಿಡೋವರೆಗೂ ಮುಟ್ಟದೆ ಕಾದು, ಪೇಪರ್ ಮೇಲೆ ಬೋರಲು ಹಾಕಿ ಒಣಗಿಸಿದ್ದರು. ಮೂಲೆಯಲ್ಲಿ ನಮ್ಮೂರಿನ ಮುದ್ರೆ ಅರ್ಧ ಬಿದ್ದಿದೆ. ಮಾರಿದರೆ ಒಂದು ಹೊತ್ತಿನ ಊಟದ ದುಡ್ಡು ಬಂದರೆ ಹೆಚ್ಚು. ಆದರೆ ಅದನ್ನ ನೋಡಿದಾಗಲೆಲ್ಲ ನನಗೆ ತಾತನ ಬೆರಳು ಕಾಣುತ್ತೆ.

ಸ್ಟಾಂಪ್ ಮೇಲೆ ನಿಜವಾಗಿ ಪ್ರೀತಿ ಇದ್ದರೆ 200 ರೂಪಾಯಿ ಕಟ್ಟಿ ಫಿಲಾಟೆಲಿ ಡಿಪಾಸಿಟ್ ಅಕೌಂಟ್ ಮಾಡಿಸು, ಹೊಸದು ಬಂದ ಹಾಗೆ ಮನೆಗೇ ಬರುತ್ತೆ. ಬೋನಸ್ ಬ್ಯಾಂಕಿನಲ್ಲೇ ಇರಲಿ. ಮುಂದಿನ ವಾರ ಊರಿಗೆ ಬಾ, ಆಲ್ಬಂ ನಿನಗೇ ಕೊಡ್ತೀನಿ. ಬರುವಾಗ ಸ್ಟಾಂಪ್ ಹಿಡಿಯೋಕೆ ಒಂದು ಚಿಮಟ ತಗೊಂಡು ಬಾ, ನನ್ನದು ತುಕ್ಕು ಹಿಡಿದಿದೆ.

ನಿನ್ನ ಅತ್ತೆ