ಹತ್ತನೇ ತರಗತಿ ಪೋಷಕರಿಗೆ: ಮೆಡಿಕಲ್ ಫಿಸಿಕ್ಸ್ ಓದಬೇಕೆಂದರೆ ಗಣಿತ ಕೈಬಿಡಬೇಡಿ

ಮಾನ್ಯ ಪೋಷಕರೇ,

ಪಿಯುಸಿಗೆ ವಿಜ್ಞಾನ ಎಂದೊಡನೆ ನಮ್ಮ ಮನೆಗಳಲ್ಲಿ ನೀಟ್ ಅಥವಾ ಸಿಇಟಿ, ಎರಡೇ ಮಾತು. ಭೌತಶಾಸ್ತ್ರ ಇಷ್ಟಪಡುವ, ಆಸ್ಪತ್ರೆಯಲ್ಲಿ ದುಡಿಯುವ ಆಸೆಯೂ ಇರುವ ಮಕ್ಕಳಿಗೆ ಇನ್ನೊಂದು ದಾರಿಯಿದೆ: ಮೆಡಿಕಲ್ ಫಿಸಿಸಿಸ್ಟ್ ಆಗುವುದು. ಇದಕ್ಕೆ ನೀಟ್ ಬೇಕಿಲ್ಲ.

ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ ಕೊಡಬೇಕೆಂದು ವೈದ್ಯರು ಬರೆಯುತ್ತಾರೆ. ಅಷ್ಟೂ ಗೆಡ್ಡೆಗೆ ಮುಟ್ಟಬೇಕು, ಪಕ್ಕದ ಬೆನ್ನುಹುರಿ ಉಳಿಯಬೇಕು. ಆ ಲೆಕ್ಕ ಮಾಡುವುದು, ಯಂತ್ರ ಲೆಕ್ಕದಷ್ಟೇ ಕೊಡುತ್ತಿದೆಯೇ ಎಂದು ಅಳೆಯುವುದು ಫಿಸಿಸಿಸ್ಟ್ ಕೆಲಸ. ನೀರಿನ ತೊಟ್ಟಿಯಲ್ಲಿ 10 ಸೆಂ.ಮೀ. ಆಳಕ್ಕೆ 0.6 ಘನ ಸೆಂ.ಮೀ. ಗಾಳಿ ಹಿಡಿಯುವ ಪುಟ್ಟ ಅಯಾನ್ ಚೇಂಬರ್ (ವಿಕಿರಣ ಅಳೆಯುವ ಸಾಧನ) ಇಳಿಸಿ ಅಳೆಯುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವಂತೆ 1013 ಅಲ್ಲ, ಸುಮಾರು 910 ಹೆಕ್ಟೊಪಾಸ್ಕಲ್. ಗಾಳಿ ತೆಳುವಾದಷ್ಟೂ ಚೇಂಬರ್ ಕಡಿಮೆ ತೋರಿಸುತ್ತದೆ, ಇಲ್ಲಿ ಹತ್ತಿರ ಹತ್ತಿರ ಶೇ. 10ರಷ್ಟು. ಹವಾಮಾನ ವರದಿಯಲ್ಲಿ ಬರುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಚೇಂಬರ್‌ನ ಈ ಕೊರತೆ ಸರಿದೂಗಿಸುವ ಸೂತ್ರಕ್ಕೆ ಅದನ್ನೇ ಹಾಕಿದರೆ ಸರಿಯಿರುವ ಯಂತ್ರವೂ ಕಡಿಮೆ ಕೊಡುತ್ತಿದೆ ಅನಿಸುತ್ತದೆ. ಆಗ ಅದನ್ನು ಏರಿಸಿಬಿಟ್ಟರೆ ಪ್ರತಿ ರೋಗಿಗೂ ಶೇ. 10ರಷ್ಟು ಹೆಚ್ಚು ಬೀಳುತ್ತದೆ. ಶೇ. 5 ತಪ್ಪನ್ನೇ ದೊಡ್ಡದೆನ್ನುವ ಕೆಲಸವಿದು. ಪಿಯುಸಿಯ ಅನಿಲ ನಿಯಮವನ್ನು ಬಾಯಿಪಾಠ ಮಾಡದೆ ಅರ್ಥಮಾಡಿಕೊಂಡ ಮಗು ಇಲ್ಲಿ ಜೀವ ಕಾಯುತ್ತದೆ.

ಓದಿನ ಕ್ರಮ ಹೀಗೆ. ಪಿಯುಸಿಯಲ್ಲಿ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದಾದರೂ ಆಗಬಹುದು, ಗಣಿತ ಮಾತ್ರ ಇರಲೇಬೇಕು. ಆಮೇಲೆ ಭೌತಶಾಸ್ತ್ರ ಮುಖ್ಯ ವಿಷಯವಾಗಿರುವ ಬಿ.ಎಸ್‌ಸಿ. ಅಲ್ಲಿಂದ ದಾರಿ ಕವಲಾಗುತ್ತದೆ. ಎಂ.ಎಸ್‌ಸಿ. ಭೌತಶಾಸ್ತ್ರ ಮುಗಿಸಿ ಒಂದು ವರ್ಷದ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬಹುದು; ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಇದನ್ನು 1962ರಿಂದ ನಡೆಸುತ್ತಿದೆ. ಇಲ್ಲವೇ ನೇರವಾಗಿ ಮೆಡಿಕಲ್ ಅಥವಾ ರೇಡಿಯೇಷನ್ ಫಿಸಿಕ್ಸ್‌ನಲ್ಲೇ ಎಂ.ಎಸ್‌ಸಿ.; ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ಓದು ಇದೆ. ಎರಡರ ನಂತರವೂ ಆಸ್ಪತ್ರೆಯ ರೇಡಿಯೊಥೆರಪಿ (ವಿಕಿರಣ ಚಿಕಿತ್ಸೆ) ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಕಡ್ಡಾಯ. ಪಿಯುಸಿ ಮುಗಿದ ಮೇಲೆ ಆರೇಳು ವರ್ಷ ಎಂದು ಲೆಕ್ಕ ಇಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಬಿ.ಎಸ್‌ಸಿ. ರೇಡಿಯೊಥೆರಪಿ ಟೆಕ್ನಾಲಜಿ ಓದಿದವರು ಚಿಕಿತ್ಸಾ ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ಆಗುತ್ತಾರೆ. ಅದು ಗೌರವದ, ಬೇಗ ಸಂಪಾದನೆಗೆ ಹಚ್ಚುವ ಕೆಲಸ. ಆದರೆ ಅಲ್ಲಿ ಭೌತಶಾಸ್ತ್ರದ ಪದವಿ ಇಲ್ಲದ ಕಾರಣ ಫಿಸಿಸಿಸ್ಟ್ ಆಗಲು ಆಗದು. ಮೂರು ವರ್ಷ ಕಳೆದ ಮೇಲೆ ಇದು ಗೊತ್ತಾದರೆ ಮಗುವಿಗೆ ತುಂಬ ನೋವು. ಹಾಗೆಯೇ ಎಂ.ಎಸ್‌ಸಿ.ಗೆ ಶುಲ್ಕ ಕಟ್ಟುವ ಮುನ್ನ ಆ ಕೋರ್ಸ್‌ಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ಮಂಡಳಿ ಒಪ್ಪದ ಪದವಿಯಿಂದ ಆಸ್ಪತ್ರೆಯಲ್ಲಿ ಫಿಸಿಸಿಸ್ಟ್ ಹುದ್ದೆ ಸಿಗದು.

ವಿಕಿರಣದ ಭಯ, ಹೆಣ್ಣುಮಕ್ಕಳ ತಾಯಂದಿರಿಗಂತೂ, ಸಹಜ. ಚಿಕಿತ್ಸೆ ನಡೆಯುವಾಗ ಆ ದಪ್ಪ ಕಾಂಕ್ರೀಟ್ ಕೋಣೆಯೊಳಗೆ ರೋಗಿಯ ಹೊರತು ಯಾರೂ ಇರುವುದಿಲ್ಲ. ವಿದ್ಯುತ್ತಿನಿಂದ ವಿಕಿರಣ ಹುಟ್ಟಿಸುವ ಲಿನಾಕ್ ಯಂತ್ರದಲ್ಲಿ ಬೀಮ್ ನಿಲ್ಲಿಸಿದರೆ ವಿಕಿರಣವೂ ನಿಲ್ಲುತ್ತದೆ. ಮೈಗೆ ತಗುಲಿದ ವಿಕಿರಣವನ್ನು ದಾಖಲಿಸುವ ಬ್ಯಾಡ್ಜ್ ಅನ್ನು ಸಿಬ್ಬಂದಿ ಎದೆಗೆ ಧರಿಸುತ್ತಾರೆ, ಅದನ್ನು ಮೂರು ತಿಂಗಳಿಗೊಮ್ಮೆ ಅಳೆಯುತ್ತಾರೆ. ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ) ಮೀರುವಂತಿಲ್ಲ. ಗರ್ಭಿಣಿಯರಿಗೆ ಮಿತಿ ಇನ್ನೂ ಬಿಗಿ.

ಪಿಯು ಅರ್ಜಿ ತುಂಬುವ ಮುನ್ನ ಮಗುವಿನೊಂದಿಗೆ ಶಾಲೆಗೆ ಬನ್ನಿ. ಒಂಬತ್ತನೇ ತರಗತಿಯ ಗಣಿತ, ವಿಜ್ಞಾನದ ಉತ್ತರಪತ್ರಿಕೆ ಮನೆಯಲ್ಲಿದ್ದರೆ ತನ್ನಿ. ಅಂಕಕ್ಕಿಂತ, ಮಗು ಲೆಕ್ಕವನ್ನು ಹೇಗೆ ಬಿಡಿಸಿದೆ ಎಂಬುದನ್ನು ಜೊತೆಗೆ ಕುಳಿತು ನೋಡೋಣ.

ಇಂತಿ,
ಮುಖ್ಯ ಶಿಕ್ಷಕರು