ಜರ್ಮನಿಗೆ ಹೊರಟವರೇ, ವಿಮೆಗೆ ಸಹಿ ಹಾಕುವ ಮುಂಚೆ

ಸಂಪಾದಕರೇ,

ಜರ್ಮನಿಗೆ ಕೆಲಸಕ್ಕೆ ಹೋಗುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತಿರುತ್ತೇನೆ. ವೀಸಾ, ಸಂಬಳ, ಭಾಷೆ, ಬಾಡಿಗೆ ಮನೆ, ಎಲ್ಲದರ ಬಗ್ಗೆಯೂ ಬರುತ್ತದೆ. ಆರೋಗ್ಯ ವಿಮೆ ಬಗ್ಗೆ ಮಾತ್ರ ಒಂದು ಸಾಲು ಬಂದು ಮುಗಿದು ಹೋಗುತ್ತದೆ. ಇಲ್ಲಿಗೆ ಬಂದ ಮೊದಲ ವಾರದಲ್ಲೇ, ಇನ್ನೂ ಮನೆ ಸಿಕ್ಕಿರುವುದಿಲ್ಲ, ಆಗಲೇ ನಮ್ಮ ಹುಡುಗರು ಅದಕ್ಕೆ ಸಹಿ ಹಾಕಿರುತ್ತಾರೆ. ನಾನೂ ಹಾಗೇ ಹಾಕಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ವಿಮೆ ಇಲ್ಲದೆ ಇರುವ ಹಾಗಿಲ್ಲ, ಕಾನೂನೇ ಹಾಗಿದೆ. ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಪಬ್ಲಿಕ್ ವಿಮೆಗೇ ಸೇರಬೇಕು. ಜರ್ಮನಿಯ ಚಾನ್ಸಲರ್ ಆಗಿದ್ದ ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಶುರುವಾದ ಪದ್ಧತಿ ಇದು. ಈಗಲೂ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಜನ ಇದರಲ್ಲೇ ಇದ್ದಾರೆ. ನೌಕರರ ಸಂಬಳ ಒಂದು ಮಿತಿ ದಾಟಿದರೆ ಮಾತ್ರ ಖಾಸಗಿ ವಿಮೆಗೆ ಹೋಗಬಹುದು. ನಾನು ಬಂದ 2016ರಲ್ಲಿ ಆ ಮಿತಿ ವರ್ಷಕ್ಕೆ 56,250 ಯೂರೋ ಇತ್ತು, 2025ಕ್ಕೆ ಅದು 73,800 ಆಯಿತು. ಒಳ್ಳೆ ಸಂಬಳದ ಐಟಿಯವರು ಇದನ್ನು ದಾಟುತ್ತಾರೆ, ದಾಟಿದ ಕೂಡಲೇ ಏಜೆಂಟರ ಫೋನ್ ಶುರುವಾಗುತ್ತದೆ.

ನನಗೂ ಬಂದಿತ್ತು. ಆಗ ನನಗೆ 29 ವರ್ಷ, ಮದುವೆ ಆಗಿರಲಿಲ್ಲ, ಒಂದು ಮಾತ್ರೆ ನುಂಗುವ ಕಾಯಿಲೆಯೂ ಇರಲಿಲ್ಲ. ಏಜೆಂಟ್ ಒಂದು ಹಾಳೆಯ ಮೇಲೆ ಎರಡು ಅಂಕಿ ಬರೆದು ತೋರಿಸಿದ. ಪಬ್ಲಿಕ್‌ನಲ್ಲಿ ಸಂಬಳದ ಮೇಲೆ ಲೆಕ್ಕ, ಶೇಕಡಾ 14.6, ಜೊತೆಗೆ ಒಂದೊಂದು ವಿಮಾ ಸಂಸ್ಥೆಯೂ ಹಾಕುವ ಹೆಚ್ಚುವರಿ ವಂತಿಗೆ. ಖಾಸಗಿಯಲ್ಲಿ ಸಂಬಳ ಕೇಳುವುದಿಲ್ಲ, ಸೇರುವಾಗಿನ ವಯಸ್ಸು ಮತ್ತು ಆರೋಗ್ಯ ನೋಡುತ್ತಾರೆ. ಗಟ್ಟಿಮುಟ್ಟಾದ ಹುಡುಗನಿಗೆ ಖಾಸಗಿ ಕಡಿಮೆಗೆ ಬರದೆ ಇನ್ನೇನು? ಸ್ಪೆಷಲಿಸ್ಟ್ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂದ, ಅದು ನಿಜವೇ, ನನಗೂ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಬ್ಬರಿಗೇ ಒಂದು ರೂಮ್ ಅಂದ. ಸಹಿ ಹಾಕಿದೆ.

ಅವನು ಸುಳ್ಳು ಹೇಳಲಿಲ್ಲ. ಆದರೆ ಮುಂದೆ ಮದುವೆ ಆಗುತ್ತೀರಾ, ಮಕ್ಕಳು ಬೇಕಾ ಅಂತ ಒಂದು ಮಾತು ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಪಬ್ಲಿಕ್‌ನಲ್ಲಿ ದುಡಿಮೆ ಇಲ್ಲದ ಹೆಂಡತಿ ಅಥವಾ ಗಂಡ, ಮತ್ತು ಮಕ್ಕಳು, ಒಂದು ಪೈಸೆ ಜಾಸ್ತಿ ಕಟ್ಟದೆ ನಮ್ಮ ವಿಮೆಯೊಳಗೇ ಬರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಪ್ರೀಮಿಯಂ. ಇಷ್ಟು ನನಗೆ ಗೊತ್ತಿತ್ತು. ನನ್ನ ಹೆಂಡತಿ ಇಲ್ಲಿಗೆ ಬಂದು ಕೆಲಸಕ್ಕೆ ಸೇರಿ ಪಬ್ಲಿಕ್‌ನಲ್ಲೇ ಇದ್ದಳು, ಹಾಗಾಗಿ ಮಗಳು ಹುಟ್ಟಿದಾಗ ಮಗುವನ್ನು ಅವಳ ವಿಮೆಗೆ ಸೇರಿಸಿದರಾಯಿತು ಅಂತ ನಿಶ್ಚಿಂತೆಯಾಗಿದ್ದೆ. ಆಗುವುದಿಲ್ಲ ಅಂತ ಪತ್ರ ಬಂತು. ಗಂಡ ಹೆಂಡತಿಯಲ್ಲಿ ಒಬ್ಬರು ಖಾಸಗಿಯಲ್ಲಿದ್ದು, ಅವರ ಸಂಬಳ ಆ ಮಿತಿಗಿಂತಲೂ, ಇನ್ನೊಬ್ಬರ ಸಂಬಳಕ್ಕಿಂತಲೂ ಜಾಸ್ತಿ ಇದ್ದರೆ ಮಗುವಿಗೆ ಪುಕ್ಕಟೆ ವಿಮೆ ಇಲ್ಲ. ಇದು ಕಾನೂನಿನಲ್ಲೇ ಇದೆ. ನಾನು ಕೇಳಿದ ಐದಾರು ಜನ ಕನ್ನಡದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಪ್ರತಿ ತಿಂಗಳು ಮಗುವಿನ ಹೆಸರಿಗೆ ಬೇರೆ ಪ್ರೀಮಿಯಂ. ಜ್ವರ ಬಂದರೆ ಡಾಕ್ಟರ ಬಿಲ್ ನಮ್ಮ ಮನೆಗೇ ಬರುತ್ತದೆ, ಅದನ್ನು ವಿಮಾ ಕಂಪನಿಗೆ ಕಳಿಸಿ ಹಣ ವಾಪಸ್ ಬರುವುದನ್ನು ಕಾಯಬೇಕು. ಪಬ್ಲಿಕ್‌ನಲ್ಲಿ ಕಾರ್ಡ್ ತೋರಿಸಿದರೆ ಮುಗಿಯಿತು. ಇನ್ನು ಆರೋಗ್ಯದ ಪ್ರಶ್ನೆಗಳು. ಸೇರುವಾಗ ಥೈರಾಯ್ಡ್, ಸಕ್ಕರೆ ಕಾಯಿಲೆ, ಬೆನ್ನು ನೋವು ಎಲ್ಲವನ್ನೂ ಹೇಳಬೇಕು, ಹೇಳಿದರೆ ಪ್ರೀಮಿಯಂ ಏರಿಸಬಹುದು, ಬೇಡ ಅಂತಲೂ ಹೇಳಬಹುದು. ಮುಚ್ಚಿಟ್ಟರೆ ಇನ್ನೂ ಕಷ್ಟ, ದೊಡ್ಡ ಖರ್ಚು ಬಂದ ದಿನ ಒಪ್ಪಂದವೇ ರದ್ದಾಗಬಹುದು. ದಯವಿಟ್ಟು ಯಾರೂ ಮುಚ್ಚಿಡಬೇಡಿ.

ಬೇಡ ಅನಿಸಿದರೆ ವಾಪಸ್ ಬರಬಹುದಲ್ವಾ ಅಂತ ಕೇಳುತ್ತೀರಿ. ಸುಮ್ನೆ ಅರ್ಜಿ ಹಾಕಿದರೆ ಆಗುವುದಿಲ್ಲ. ಸಂಬಳ ಮಿತಿಗಿಂತ ಕೆಳಗೆ ಇಳಿಯಬೇಕು. ನಾನು ವಾರಕ್ಕೆ 40 ಗಂಟೆಯಿಂದ 32 ಗಂಟೆಗೆ ಕೆಲಸ ಇಳಿಸಿಕೊಂಡು, ಸಂಬಳ ಕಡಿಮೆ ಮಾಡಿಕೊಂಡು ವಾಪಸ್ ಬಂದೆ. ಮುಪ್ಪಿಗೆ ಅಂತ ಖಾಸಗಿ ಕಂಪನಿ ಪ್ರತಿ ಪ್ರೀಮಿಯಂನಿಂದ ತೆಗೆದಿಟ್ಟಿದ್ದ ಹಣ ನನ್ನ ಜೊತೆ ಬರಲಿಲ್ಲ. ಆದರೂ ನಾನು ಪುಣ್ಯವಂತ, ಇನ್ನೂ ನಲವತ್ತು ದಾಟಿಲ್ಲ. 55 ತುಂಬಿದ ಮೇಲೆ ಸಂಬಳ ಇಳಿಸಿಕೊಂಡರೂ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಪೆನ್ಷನ್ ಬರುವ ಕಾಲಕ್ಕೆ ಖಾಸಗಿ ಪ್ರೀಮಿಯಂ ಆದಾಯ ನೋಡಿ ಇಳಿಯುವುದಿಲ್ಲ, ನೆನಪಿರಲಿ.

ಖಾಸಗಿ ಯಾರಿಗೂ ಬೇಡ ಅಂತ ಹೇಳುತ್ತಿಲ್ಲ. ಇಲ್ಲಿನ ಸರ್ಕಾರಿ ನೌಕರರಿಗೆ ಖರ್ಚಿನ ದೊಡ್ಡ ಪಾಲು ಸರ್ಕಾರವೇ ಕೊಡುತ್ತದೆ, ಅವರಿಗೆ ಅದೇ ಸರಿ. ಮಕ್ಕಳು ಬೇಡ ಅಂತ ತೀರ್ಮಾನಿಸಿ, ಉಳಿದ ಹಣವನ್ನು ನಿಜವಾಗಿಯೂ ಮುಪ್ಪಿಗೆ ಎತ್ತಿಡುವವರಿಗೂ ಸರಿ ಇರಬಹುದು. ಸಂಸಾರ ಕಟ್ಟುವ ಆಸೆ ಇರುವ, ಎಷ್ಟು ವರ್ಷ ಇಲ್ಲಿರುತ್ತೇನೋ ಗೊತ್ತಿಲ್ಲ ಅನ್ನುವ ನಮ್ಮಂಥವರಿಗೆ ಪಬ್ಲಿಕ್ ವಿಮೆಯೇ ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ಓದಲು ಬರುವ ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಕಾಲೇಜಿಗೆ ಸೇರುವಾಗ ಪಬ್ಲಿಕ್ ಬೇಡ ಅಂತ ಒಮ್ಮೆ ಬರೆದುಕೊಟ್ಟರೆ ಆ ಓದು ಮುಗಿಯುವವರೆಗೆ ತಿದ್ದಲು ಬರುವುದಿಲ್ಲ. ಅವರ ತಂದೆ ತಾಯಿ ನಿಮ್ಮ ಪತ್ರಿಕೆ ಓದುವವರು. ಪ್ರವೇಶ ಶುರುವಾಗುವ ಮುಂಚೆ ಶಿಕ್ಷಣದ ಪುಟದಲ್ಲಿ ಇದನ್ನು ಒಮ್ಮೆ ವಿವರವಾಗಿ ಬರೆಸಿ ಅಂತ ಕೇಳಿಕೊಳ್ಳುತ್ತೇನೆ.

ಜರ್ಮನಿಯಿಂದ ಒಬ್ಬ ಓದುಗ